ಹತ್ತಿ

ಚಿಕ್ಕಗಡಿಯಾರದ ಹಿಂದಿನ ಸಂದಿಯಲ್ಲಿ
ಮೂರಡಿ ಅಗಲದ ಅಂಗಡಿ.
ಕಣ್ಣಿಗೆ ಕಚ್ಚಿಸಿದ ಮಸೂರ, ಚಿಮಟ,
ತಟ್ಟೆಯ ತುಂಬ ನಿಂತ ಎಚ್ಚೆಮ್ಟಿಗಳು,
ಒಂದೊಂದರಲ್ಲಿ ಒಂದೊಂದು ಹೊತ್ತು.

ಮಾಗಿಯಲ್ಲಿ ಒಬ್ಬ ಹುಡುಗ ಬಂದ.
ಹಾಸ್ಟೆಲ್ಲಿನವನು, ನರಸೀಪುರದ ಕಡೆ ಮಾತು.
ಕರವಸ್ತ್ರ ಬಿಡಿಸಿ ಮೆಲ್ಲಗೆ,
'ವಾಚಲ್ಲ ಸಾರ್ ಇದು,
ಆದ್ರೂ ಸ್ವಲ್ಪ ಬಿಚ್ಚಿ ನೋಡ್ತೀರಾ?'
ಮಾರಿದರೆ ಜೈಲಂತೆ. ನಾನು ಮಾರುವವನಲ್ಲ,
ಬಿಚ್ಚುವವನು. ಬಿಚ್ಚಿದೆ.

ಒಳಗೆ ಕಿರುಬೆರಳಿನಷ್ಟು ಸೆಲ್ಲು,
ಕೂದಲೆಳೆಯ ತಂತಿ, ಐದು ಸುತ್ತು.
ಅಯ್ಯೋ, ಇವಳು ನಮ್ಮ ಹೇರ್‌ಸ್ಪ್ರಿಂಗಿನ
ಸೋದರತ್ತೆ ಮಗಳಲ್ಲವೇ!
ಅದರ ನಡುವೆ ಸುಟ್ಟು ಕರಿಕಾದ
ಒಂದೆಸಳು ಹತ್ತಿ.

ಹುಡುಗ ಮತ್ತೆ ಬರಲಿಲ್ಲ.
ಪರೀಕ್ಷೆಯೋ, ವಾರ್ಡನ್ನೋ, ಪ್ರೀತಿಯೋ.
ಒಂದು ತಿಂಗಳು ಕಾದೆ,
ಬಿಟ್ಟುಹೋದ ವಾಚಿಗೂ ಅಷ್ಟೇ ಕಾಯುವುದು.

ಮೂವತ್ತು ವರ್ಷ ಸೇದಿದ ಬೀಡಿಯನ್ನು
ಕೆ.ಆರ್. ಆಸ್ಪತ್ರೆಯ ಮೆಟ್ಟಿಲ ಮೇಲೆ
ಬಿಟ್ಟು ಬಂದವನು ನಾನು.
ಬೀಡಿ ಚಟ, ಇದು ಹಾಗಲ್ಲ,
ಹವ್ಯಾಸ, ಎಂದೆ ಜಯಶೀಲಳಿಗೆ
ಅಂಚೆಚೀಟಿ ಕೂಡಿಡುವವನ ಮುಖ ಮಾಡಿಕೊಂಡು.
'ಹೊಗೆ ಬರ್ತದಲ್ಲ?'
'ಹೊಗೆಯಲ್ಲ ಕಣೇ, ಹಬೆ. ಇಡ್ಲಿ ಪಾತ್ರೆದು ಇದ್ದ ಹಾಗೆ.'
'ಸರಿ, ಇಡ್ಲಿ ಎಲ್ಲಿ?'

ಸುತ್ತುವುದರಲ್ಲೇ ಸುಖ.
ಸೂಜಿಗೆ ತಂತಿ ಐದು ಸುತ್ತು, ಆರು, ಒಮ್ಮೆ ಏಳು,
ಒಂದು ಸುತ್ತು ಹೆಚ್ಚಾದರೆ ಹಬೆಯ ಮೈಕಟ್ಟೇ ಬೇರೆ.
ಹಲಸಿನ ಪರಿಮಳದ ರಸ ಯಾರೋ ತಂದುಕೊಟ್ಟರು,
ಯಾರೆಂದು ಕೇಳಬೇಡಿ.
ರಾತ್ರಿ ಷಟರ್ ಅರ್ಧ ಎಳೆದು
ಉಂಗುರ ಬಿಡುತ್ತೇನೆ:
ಮುಳ್ಳಿಲ್ಲದ ಅಂಕಿಯಿಲ್ಲದ ಗಡಿಯಾರ,
ಹಿಗ್ಗುತ್ತ ಹಿಗ್ಗುತ್ತ ಟ್ಯೂಬ್‌ಲೈಟಿನವರೆಗೆ ಹೋಗಿ
ಗಂಟೆ ಎಷ್ಟೆಂದು ಹೇಳದೆ ಒಡೆಯುತ್ತದೆ.
ಆಮೇಲೆ ಎದೆಯೊಳಗೆ ಸಣ್ಣಗೆ ಟಿಕ್ ಅನ್ನುತ್ತದೆ.
ಅದು ಹವ್ಯಾಸಕ್ಕೆ ಸೇರಿದ್ದಲ್ಲ ಎಂದುಕೊಳ್ಳುತ್ತೇನೆ.

ಹತ್ತಿಯದೇ ತಾಪತ್ರಯ.
ಔಷಧದಂಗಡಿಯದು ನಾಲಿಗೆಗೆ ಕಮಟು.
ಮನೆಯಲ್ಲಿ ಅವ್ವ ಲಕ್ಷಬತ್ತಿಗೆ ಕೂತಿದ್ದಳು,
ಹಿತ್ತಲ ಗಿಡದ ಹತ್ತಿ, ಬೀಜ ಬಿಡಿಸಿ,
ತೊಡೆಯ ಮೇಲೆ ಹೊಸೆದು ಹೊಸೆದು,
ನೂರಕ್ಕೊಂದು ಹುಣಿಸೆಬೀಜ ಡಬ್ಬಿಗೆ ಹಾಕಿ.
ನಾನು ಆಸ್ಪತ್ರೆಯಲ್ಲಿ ಕೆಮ್ಮುತ್ತಿದ್ದಾಗ
ಹೊತ್ತ ಹರಕೆ ಅದು.

ಚಿಟಿಕೆ ಚಿಟಿಕೆ ತೆಗೆದೆ.
ಹತ್ತಿ ಮುಗಿದ ದಿನ ಹೊಸೆದ ಬತ್ತಿಯನ್ನೇ ತೆಗೆದೆ.

ಮೊನ್ನೆ ಎಣಿಸಿದಳು.
ಬೀಜ ಹೇಳಿದ್ದೇ ಒಂದು, ಬುಟ್ಟಿ ಹೇಳಿದ್ದೇ ಒಂದು.
ಮತ್ತೆ ಎಣಿಸಿದಳು.
ಮೂರನೇ ಸಲ ತುಟಿ ಅಲುಗಲಿಲ್ಲ.
'ನಂಗೆ ಮರೆವು ಹತ್ತಿತು ಕಣಪ್ಪ' ಅಂದಳು
ಅಂಗೈ ತಿರುಗಿಸಿ ನೋಡಿಕೊಂಡು,
ತಪ್ಪು ಕೈಯದೇ ಎನ್ನುವ ಹಾಗೆ.

ಹೇಳಬೇಕಿತ್ತು.
ಬದಲಿಗೆ ಆ ರಾತ್ರಿ ಅಂಗಡಿಯಲ್ಲಿ
ಪಂಚೆ ಮೇಲಕ್ಕೆತ್ತಿ ತೊಡೆಗೆ ವಿಭೂತಿ ಸವರಿ
ಹೊಸೆಯಲು ಕೂತೆ.
ತಂತಿಗೆ ಬಗ್ಗುವ ಬೆರಳು ಹತ್ತಿಗೆ ಬಗ್ಗದು.
ಹಾಲಿನವನ ಸೈಕಲ್ಲು ಸದ್ದಾಗುವ ಹೊತ್ತಿಗೆ ನಲವತ್ತು.
ಬಂದು ಬುಟ್ಟಿಗೆ ಸುರಿದು ಮಲಗಿದೆ.

ಇವತ್ತು ಅವ್ವ ಒಂದನ್ನೆತ್ತಿ
ಕಿಟಕಿಯ ಬೆಳಕಿಗೆ ಹಿಡಿದಳು.
ಬಿಗಿ ಸುತ್ತು, ವಾಚಿಗೆ ಕೀ ಕೊಟ್ಟಷ್ಟು.
ಮೂಗಿನ ಹತ್ತಿರ ತಂದಳು.
'ಕಾರ್ತಿಕದಲ್ಲಿ ಹಲಸೆಲ್ಲೀದೋ' ಅಂದಳು,
ನನ್ನ ಕಡೆ ನೋಡಲಿಲ್ಲ.
ಹುಡುಕಿ ಹುಡುಕಿ ನಲವತ್ತನ್ನೂ ಆರಿಸಿ
ಲೆಕ್ಕದ ಹೊರಗೆ, ಒಂದು ಒಡಕು ಹಣತೆಯಲ್ಲಿಟ್ಟಳು.
'ಇವನ್ನ ಬೇರೆ ಹಚ್ಚು.
ಹತ್ತುತ್ತವಾ ನೋಡು ಮೊದಲು.'

ಕಡ್ಡಿಪೆಟ್ಟಿಗೆಗೆ ಜೇಬು ತಡಕಿದೆ.
ಬೀಡಿ ಬಿಟ್ಟಾಗ ಅದನ್ನೂ ಬಿಟ್ಟಿದ್ದೆ.