ಎದ್ದುಹೋಗುವವನ ಚೀಟಿ

ತಾರ್ತು ಊರಿನಲ್ಲಿ ಡಿಸೆಂಬರಿನ ಮಧ್ಯಾಹ್ನ ಮೂರೂವರೆಗೇ ಕತ್ತಲೆ.
ನದಿಯ ಅಂಚು ಹೆಪ್ಪುಗಟ್ಟಿದೆ. ಮೂರನೇ ಮಹಡಿಯಲ್ಲಿ
ನಾನು ಮಖಮಲ್ಲಿನ ಚೌಕಗಳನ್ನು ತೊಳೆದು ಹರವುತ್ತೇನೆ.
ಮೂವತ್ತೊಂದು ವರ್ಷದಿಂದ ಇದೇ ಕೆಲಸ:
ಒಂದು ತಟ್ಟೆಯ ಯೀಸ್ಟನ್ನು ಬಟ್ಟೆಗೊತ್ತಿ
ಇನ್ನೊಂದು ತಟ್ಟೆಗೆ ಇಳಿಸುವುದು.

ಹೊಸ ಹುಡುಗ ತಾವೆತ್
ನೇರಳಾತೀತ ದೀಪದಡಿ ತಟ್ಟೆಯಿಟ್ಟು ಕೇಳಿದ,
"ಮಾಯ್ಮು, ಇವಕ್ಕೆ ನೋಯುತ್ತದಾ?"
ಇಪ್ಪತ್ತು ಸೆಕೆಂಡು. ಸಾಕು, ತೆಗೆ.
ಬೆಳ್ಳಿಕಾಗದ ಸುತ್ತು ಬೇಗ,
ಹಗಲು ಕಂಡರೆ ಕಳ್ಳಮುಂಡೇವು
ಬೆಳಕಿನಿಂದಲೇ ವಾಸಿಮಾಡಿಕೊಂಡು
ನಮ್ಮ ಲೆಕ್ಕ ಕೆಡಿಸುತ್ತವೆ.

ನೋವಿನ ಸಂಗತಿ ನನಗೆ ಗೊತ್ತಿಲ್ಲ.
ಗೊತ್ತಿರುವುದು, ಒಳಗೊಬ್ಬ ಕಾವಲುಗಾರ.
ಡಿಎನ್‌ಎಗೆ ಅಕ್ಷರ ಎರಕಹೊಯ್ಯುವ ಕಾರ್ಖಾನೆಯ
ವಂಶವಾಹಿಗಳ ಮೇಲೆ ಕುಕ್ಕರುಬಡಿದು ಕೂತು
ಸುಖದ ದಿನಗಳಲ್ಲಿ ಒಂದೇ ಮಾತು:
ಬೇಡ, ಈಗ ಬೇಡ, ಇದ್ದದ್ದರಲ್ಲಿ ಆಗುತ್ತದೆ.
ಕಾಗದದ ಮೇಲೆ ಅವನ ಹೆಸರು ಸಿಆರ್‌ಟಿ ಒಂದು.

ಎಳೆ ಕಡಿಯಿತೋ, ಮೊದಲು ಬೆಚ್ಚುವುದು ಮೆಕ್.
ಅದು ರ್‍ಯಾಡ್ ಐವತ್ತಮೂರನ್ನು ತಟ್ಟಿ ಎಬ್ಬಿಸುತ್ತದೆ,
ರ್‍ಯಾಡ್ ಡನ್ ಅನ್ನು.
ಕೂಗಿಲ್ಲ, ಗಂಟೆಯಿಲ್ಲ.
ಒಂದು ಫಾಸ್ಫೇಟು, ಮತ್ತೊಂದು ಫಾಸ್ಫೇಟು,
ಕೊನೆಗೆ ಕಾವಲುಗಾರನ ಮೈಗೇ ಅಂಟಿದಾಗ
ಅವನು ಏಳಲೇಬೇಕು.
ಎದ್ದ ಜಾಗದಲ್ಲಿ ಓದು ಶುರುವಾಗುತ್ತದೆ,
ರಾತ್ರಿಯಿಡೀ ಎ, ಟಿ, ಜಿ, ಸಿ.

"ಅಲ್ಲೀತನಕ ಕೋಶ?"
ಕಾಯುತ್ತದೆ. ತಾಯಿಯಷ್ಟೇ ದಪ್ಪ ಬೆಳೆದ ಮೊಗ್ಗು,
ಸೊಂಟದಲ್ಲಿ ಅಂಟಿಕೊಂಡ ಎರಡು ಹಿಟ್ಟಿನುಂಡೆ.
ಕೆಲವು ವಾಸಿಯಾಗುವವರೆಗೆ ಕಾಯುತ್ತವೆ.
ಕೆಲವು ಹತ್ತು ಹನ್ನೆರಡು ತಾಸು ಕಾದು
ಹೋಗಲಿ ಅತ್ತ ಎಂದು
ಮುರಿದದ್ದನ್ನೇ ಮಗಳಿಗೂ ಹಂಚಿ ಬೇರೆಯಾಗುತ್ತವೆ.
ತಾವೆತ್ ಏನೂ ಬರೆದುಕೊಳ್ಳಲಿಲ್ಲ.

ಆಮೇಲೆ ಅವನಿಗೆ ನನಗಿಷ್ಟವಾದ ಭಾಗ ಹೇಳಿದೆ.
ಆ ಕಾವಲುಗಾರ ತನ್ನದೇ ವಂಶವಾಹಿಯ ಮೇಲೂ ಕೂತಿರುತ್ತಾನೆ.
ಏಳುವಾಗ ಅಲ್ಲಿಂದಲೂ ಏಳುತ್ತಾನೆ,
ಹಾಗಾಗಿ ಗದ್ದಲದ ನಡುವೆಯೇ
ಇನ್ನಷ್ಟು ಕಾವಲುಗಾರರು ತಯಾರಾಗುತ್ತಿರುತ್ತಾರೆ,
ಎಳೆ ಕೂಡಿದ ಮೇಲೆ ಬಾಗಿಲು ಹಾಕುವುದಕ್ಕೆ.
ಹೋಗುವವನೇ ಬರೆದಿಟ್ಟ ಚೀಟಿ: ಬರುತ್ತೇನೆ.

ನಮ್ಮಜ್ಜಿ ಲಿಯೊಂತೀನೆಯ ಕೊರಳಲ್ಲಿ
ಉಗ್ರಾಣದ ಬೀಗದಕೈ ಇರುತ್ತಿತ್ತಂತೆ, ಮಹಾ ಜಿಪುಣಿ.
ನಲವತ್ತೊಂಬತ್ತರ ಮಾರ್ಚಿನಲ್ಲಿ ಬಾಗಿಲಿಗೆ ಲಾರಿ ಬಂದಾಗ
ಎಲ್ಲ ತೆರೆದು ಕೊಟ್ಟುಬಿಟ್ಟಳು, ಹಂದಿಮಾಂಸ, ಜೇನು, ಉಣ್ಣೆ.
ರೈ ರೊಟ್ಟಿಯ ಹುಳಿಹಿಟ್ಟಿನ ಗಡಿಗೆ ಮಾತ್ರ
ಪಕ್ಕದ ಸಾಲ್ಮೆಯ ಕೈಗಿಟ್ಟು, ವಾರಕ್ಕೊಮ್ಮೆ ಹಿಟ್ಟು ಹಾಕು, ಅಂದಳು.
ಎಂಟು ವರ್ಷಕ್ಕೆ ಸೈಬೀರಿಯದಿಂದ ಬಂದವಳು
ಮನೆಯಲ್ಲಿ ಬೇರೆಯವರಿದ್ದದ್ದು ನೋಡಿ
ಗಡಿಗೆಯಷ್ಟೇ ಕೇಳಿದಳು.
ಇದನ್ನು ತಾವೆತ್‌ಗೆ ಹೇಳಲಿಲ್ಲ.
ಯೀಸ್ಟಿಗೆ ಲಾರಿ ಗೊತ್ತಿಲ್ಲ, ಹೋಲಿಕೆ ಸಲ್ಲದು.

ಎರಡು ದಿನ ಬಿಟ್ಟು ಬೆಳ್ಳಿಕಾಗದ ಬಿಚ್ಚಿದೆವು.
ಕೋಣೆಯೆಲ್ಲ ರೊಟ್ಟಿಯಂಗಡಿಯ ವಾಸನೆ.
ದೀಪ ಕಾಣದ ತಟ್ಟೆಯಲ್ಲಿ ನಾನೂರ ಹನ್ನೆರಡು,
ಕಂಡದ್ದರಲ್ಲಿ ಇನ್ನೂರ ಆರು.
ಮೆಕ್ ಇಲ್ಲದವುಗಳ ತಟ್ಟೆಯಲ್ಲಿ
ಮೂರು.
ತಾವೆತ್ ಮತ್ತೆ ಎಣಿಸಿದ,
ಬೆರಳಿಟ್ಟು.