ಆರು ತೂತಿನ ಬೋರ್ಡು

ಕಲಬುರಗಿ ದೊಡ್ಡ ದವಾಖಾನಿ ಪಡಸಾಲಿಯಾಗ
ಇಡೀ ಗ್ವಾಡಿಗೆ ಒಂದೇ ಪ್ಲಗ್ಗು.
ಅದರ ಬುಡಕ ಮೂವತ್ತು ಮಂದಿ, ಮೂವತ್ತು ಊರು,
ಸಾಯಲಿಕ್ಕೆ ಬಂದ ಮೂವತ್ತು ಫೋನು.

ನನ್ನ ಫೋನಿನಾಗ ಒಂದು ಕೆಂಪು ಗೆರಿ ಉಳದಿತ್ತು.
ಊರಾಗ ಮಗಳು, ಹನ್ನೊಂದು ವರ್ಷದಾಕಿ,
ತಾಸಿಗೊಮ್ಮೆ ಕೇಳ್ತಾಳ:
"ಅಪ್ಪ ಕಣ್ಣ ತೆರದನೇನವ್ವ?"
ತೆರದಿಲ್ಲ ಅಂತ ಹೇಳಲಿಕ್ಕೂ
ಚಾರ್ಜು ಬೇಕಾಗ್ತದ.

ಶಹಾಬಾದ್ ಖಣಿಯಾಗ ಫರಸಿ ಎಬ್ಬಸ್ತಾನ ನನ್ನ ಗಂಡ, ಭೀಮಶಾ.
ಅಂದ್ರ, ಎಬ್ಬಸ್ತಿದ್ದ. ಮಂಗಳವಾರದ ತನಕ.
ಅಂವ ಎಬ್ಬಿಸಿದ್ದೇ ಅಂವನ ಮ್ಯಾಲ ಮಲಕೊಂತು.

ಈ ಪಡಸಾಲಿಗೂ ಹಾಸಿದ್ದು ಅದೇ ಕಲ್ಲು,
ಅದೇ ಬೂದಿ ಬಣ್ಣ, ಅದೇ ಉಳಿಗುರುತು.
ಮೊದಲನೇ ರಾತ್ರಿ ಮಲಗಲೇ ಇಲ್ಲ ನಾ.
ಸೆರಗು ಸೈತ ತಾಕದಂಗ
ಕುಕ್ಕರಗಾಲಿಲೇ ಕುಂತೆ.
ಎರಡನೇ ರಾತ್ರಿ ಬ್ಯಾಸಗಿ ಸೋಲಿಸ್ತು.
ಗಲ್ಲ ಹಚ್ಚಿದೆ. ತಣ್ಣಗಿತ್ತು, ಹಾಳಾದ್ದು.
ಬೈಯಲಿಕ್ಕೆ ಬಾಯಿ ತೆಗದಾಕಿ
ಹಂಗೇ ನಿದ್ದಿ ಹೋದೆ.

ಮೂರನೇ ದಿನ ಸಂಜಿಮುಂದ ಬಂದ ಲಾಡ್ಲೇಸಾಬ.
ಬಗಲಾಗ ಹಳೇ ಲುಂಗಿಯಾಗ ಸುತ್ತಿದ ಗಂಟು.
ರೊಟ್ಟಿ ಇರಬೇಕು ಅಂದ್ಕೊಂಡೆ.
ಬಿಚ್ಚಿದ: ಆರು ತೂತಿನ ಬೋರ್ಡು,
ಮೂರು ಕಡಿ ಟೇಪು ಸುತ್ತಿದ ಉದ್ದನ್ನ ವೈರು.
ಗ್ವಾಡಿಗೆ ಚುಚ್ಚಿ, ಕೆಮ್ಮಿ, ಕರದ:
"ಕಡಿಮಿ ಇದ್ದವ್ರು ಮೊದಲು. ಗದ್ಲ ಬ್ಯಾಡ."

ಚೀಟಿ ಇಲ್ಲ, ಲೆಕ್ಕ ಇಲ್ಲ, ಎಲ್ಲಾ ನೆನಪಿನ ಮ್ಯಾಲ:
ರಬ್ಬರ್ ಬ್ಯಾಂಡ್ ಹಾಕಿದ್ದು ಸೇಡಂ ಅಜ್ಜಿದು,
ಕನ್ನಡಿ ಒಡದದ್ದು ತಾಂಡಾದ ಸೋನಾಬಾಯಿದು,
ಸುಮ್ಮಸುಮ್ಮನ ಹಾಡು ಹಚ್ಚೂದು ಜೇವರ್ಗಿ ಹುಡುಗಂದು.
ಸೋನಾಬಾಯಿ ಹತ್ತು ರೂಪಾಯಿ ಚಾಚಿದ್ಳು.
"ನಾ ಏನ್ ಇಲ್ಲಿ ಅಂಗಡಿ ಇಟ್ಟೀನೇನು?"
ಆಕಿ ಅದೇ ಹತ್ತಕ್ಕ ಛಾ ತಂದ್ಳು.
ಕುಡದ. ಸಕ್ಕರಿ ಕಡಿಮಿ ಅದ ಅಂದ.

ಐದು ತೂತು ತುಂಬಿಸ್ತಾನ.
ಆರನೇದು ಖಾಲಿ ಇಡ್ತಾನ, ಯಾರು ಬೇಡಿದ್ರೂ ಕೊಡಂಗಿಲ್ಲ.
ಕೆಟ್ಟದೇನೋ ಅಂದ್ಕೊಂಡಿದ್ದೆ ನಾ.

ಮಂದಿ ಉರುಳಿದ ಮ್ಯಾಲ ಕೇಳಿದೆ:
"ನಿಮ್ಮವ್ರು ಯಾವ ವಾರ್ಡಿನಾಗ ಅದಾರ, ಕಾಕಾ?"
"ಯಾರೂ ಇಲ್ಲ."
ಭಾಳ ಹೊತ್ತು ವೈರಿನ ಗಂಟು ಬಿಡಸ್ತಾ ಕುಂತ.
"ಹ್ವಾದ ವರ್ಷ ನನ್ನಾಕಿ ಒಳಗಿದ್ದಳು.
ಮಗಳ ದನಿ ಒಮ್ಮೆ ಕೇಳಸು ಅಂದ್ಳು. ಫೋನು ಸತ್ತಿತ್ತು.
ಇದೇ ಪ್ಲಗ್ಗಿಗೆ ಪಾಳಿ ನಿಂತೆ.
ನನ್ನ ಮುಂದ ಐದು ಮಂದಿ.
ಪಾಪ, ಅವರದೇನು ತಪ್ಪು."

ಐದು ಮಂದಿ.
ನಾ ಮತ್ತೊಮ್ಮೆ ತೂತು ಎಣಿಸಿದೆ.
ಅಂವನೂ ನೋಡಿದ, ನಾ ಎಣಿಸೂದು.
ಇಬ್ಬರೂ ಮಾತಾಡಲಿಲ್ಲ.

ಮೂರು ಹೊಡದಿರಬೇಕು, ಸುರಪುರದಿಂದ ಅಂಬುಲೆನ್ಸ್ ಬಂತು.
ಹಿಂದ ಒಬ್ಬ ಹುಡುಗ, ಒಂದೇ ಕಾಲಾಗ ಚಪ್ಪಲಿ,
ಕೈಯಾಗ ಕಪ್ಪಾದ ಫೋನು ಹಿಡಕೊಂಡು
ಎಲ್ಲರ ಮಾರಿ ನೋಡ್ಲತ್ತಿದ್ದ, ಏನು ಕೇಳಬೇಕೋ ತಿಳೀದಂಗ.
ಲಾಡ್ಲೇಸಾಬ ಗೊರಕಿ ಹೊಡೀಲತ್ತಿದ್ದ,
ತಲಿ ಕೆಳಗ ಆ ಲುಂಗಿ.
ನಾನೇ ಎದ್ದೆ. ಹುಡುಗನ ಕೈಯಿಂದ ಕಸಕೊಂಡೆ.
ಆರನೇ ತೂತಿಗೆ ಚುಚ್ಚಿದೆ.
ಹಸಿರು ಗೆರಿ ಮೂಡ್ತು, ಜ್ವಾಳದ ಮೊಳಕಿಯಷ್ಟು.
"ಕುಂದ್ರು," ಅಂದೆ, "ಕಲ್ಲು ತಣ್ಣಗದ."

ನಸುಕಿನಾಗ ಮಗಳಿಗೆ ನಾನೇ ಹಚ್ಚಿದೆ.
ನಿದ್ದಿಗಣ್ಣಿನ ದನಿ: "ತೆರದನೇನವ್ವ?"
ಇನ್ನಾ ಇಲ್ಲವ್ವಾ.
ಆದ್ರ ನನ್ನ ಫೋನು ತುಂಬ್ಯಾದ.
ನೀ ಕೇಳ್ತಾ ಇರು.