ಬೆರಳೆಣಿಕೆ

ಮಾಜಾಳಿಯ ಮರಳಲ್ಲಿ ಹೂತು ಹದಿನಾಲ್ಕು ತಿಂಗಳು.
ಅರಣ್ಯ ಇಲಾಖೆಯ ಕಾಗದ ಬಂದ ಮೇಲೆ
ನಾನೂ ಸುನೇತ್ರಾ ಮೇಡಮ್ಮೂ ಹೋಗಿ ಅಗೆದೆವು.
ಹಾರೆ ಬೇಡ, ತೆಂಗಿನ ಗರಟೆ ಸಾಕು, ಎಂದರು.
ನಾಯಿಗಳು ದೂರ ಕೂತು ನೋಡುತ್ತಿದ್ದವು,
ವಾಸನೆಯ ಅವಧಿ ಇನ್ನೂ ಮುಗಿದಿರಲಿಲ್ಲ.

ಹಂದಿಮೀನು ಅನ್ನುತ್ತೇವೆ ನಮ್ಮ ಕೇರಿಯಲ್ಲಿ.
ಹೆಸರಿನ ಕೊನೆಯರ್ಧ ತಪ್ಪು,
ಮೊದಲರ್ಧ ಅಷ್ಟೇನೂ ತಪ್ಪಲ್ಲ, ಅಂದರು ಮೇಡಂ,
ಗೊರಸಿನ ಪ್ರಾಣಿಗಳಿಗೆ ದೂರದ ದಾಯಾದಿ ಇದು.
ನಗುತ್ತಾರೆ ಅಂದುಕೊಂಡೆ. ನಗಲಿಲ್ಲ.

ಹನ್ನೊಂದು ವರ್ಷ ಪರ್ಸೀನ್ ಬೋಟಿನಲ್ಲಿದ್ದವನು ನಾನು.
ಬಂಗಡೆ, ಇಸೋಣ, ತೋರಿ, ಯಾವುದೇ ಇರಲಿ,
ಬಾಲ ಬಡಿಯುವುದು ಎಡಕ್ಕೆ, ಬಲಕ್ಕೆ.
ಇದೊಂದು ಮಾತ್ರ ಮೇಲೆ, ಕೆಳಗೆ,
ಬೆನ್ನು ಮಡಿಸಿ, ಬೆನ್ನು ಬಿಡಿಸಿ,
ಅಲಿಗದ್ದಾ ದಂಡೆಯಲ್ಲಿ ಓಡುವ ನಾಯಿಯ ಹಾಗೆ.
ದಿನಾ ಕಂಡಿದ್ದೆ. ಯಾಕೆಂದು ಕೇಳಿರಲಿಲ್ಲ.
ಕಡಲಲ್ಲಿ ಈಜುತ್ತಿದ್ದದ್ದು
ಒಂದು ಓಟ.

ಕೋಡಿಬಾಗದ ಲ್ಯಾಬು. ಎರಡು ಡ್ರಮ್ಮು, ಸೋಪಿನ ಪುಡಿ,
ಹಳೆಯ ಹಲ್ಲುಜ್ಜುವ ಬ್ರಷ್ಷು.
ಕುತ್ತಿಗೆಯೇ ಕಾಣದ ಪ್ರಾಣಿಗೆ ಕುತ್ತಿಗೆಯಲ್ಲಿ ಏಳು ಎಲುಬು,
ಕೇರಂ ಕಾಯಿಗಳ ಹಾಗೆ ಒತ್ತೊತ್ತಿಗೆ.
ಜಿರಾಫೆಗೂ ಏಳಂತೆ. ನನಗೂ.
ಹಿಂದೆ, ಕಾಲು ಇರಬೇಕಾದಲ್ಲಿ,
ಬೀಡಿಗಿಂತ ತುಸು ಉದ್ದದ ಎರಡು ತುಂಡು,
ಬೆನ್ನೆಲುಬಿಗೆ ಅಂಟಿಲ್ಲ, ಮಾಂಸದಲ್ಲಿ ತೇಲುತ್ತಿದ್ದವು.
ಸೊಂಟ, ಅಂದರು ಮೇಡಂ.
ಹೊಟ್ಟೆಯೊಳಗಿನ ಮರಿಗೆ ಕೆಲವು ವಾರ
ಹಿಂಗಾಲಿನ ಮೊಗ್ಗೂ ಮೂಡುತ್ತದೆ, ಆಮೇಲೆ ಕರಗುತ್ತದೆ.
ನಡಿಗೆಯ ಕೆಲಸ ಹೋಯಿತು, ಆದರೂ
ಬೇರೆ ಸಣ್ಣ ಕೆಲಸಕ್ಕೆ ಇಟ್ಟುಕೊಂಡಿದೆ ಮೈ,
ನನ್ನನ್ನು ಈ ಲ್ಯಾಬು ಇಟ್ಟುಕೊಂಡ ಹಾಗೆ.

ರೆಕ್ಕೆ ನೀವೇ ಜೋಡಿಸಿ ಸುಭಾಸ, ಅಂದರು.
ಟ್ರೇಯಲ್ಲಿ ಮರಳು ಹರವಿ ಕೂತೆ.
ಮೋಟು ತೋಳು. ಮುಂದೆ ಜೋಡೆಲುಬು.
ಮಣಿಕಟ್ಟಿನಲ್ಲಿ ಕಾಳಿ ನದಿಯ ಕಲ್ಲಿನಂಥ ಹರಳುಗಳು.
ಅಲ್ಲಿಂದ ಕವಲು: ಹೆಬ್ಬೆರಳು ಗಿಡ್ಡ,
ಎರಡನೆಯದಕ್ಕೆ ಎಣಿಸಿದಷ್ಟೂ ಗೆಣ್ಣು.
ಐದು.
ಪಕ್ಕದಲ್ಲಿ ಎಡಗೈ ಇಟ್ಟೆ.
ನನ್ನವು ಮೂರು.

ಬೈತಖೋಲದ ಶಾಲೆಯ ಮಕ್ಕಳು ಬಂದಿದ್ದರು.
ಒಬ್ಬ ಪೋರ ಟ್ರೇ ನೋಡಿದ, ನನ್ನ ಕೈ ನೋಡಿದ.
ಮಾಮಾ, ನಿಮ್ಮ ಬೆರಳೂ ಕಡಲಿಗೆ ಇಳಿದಿಳಿದು
ಸವೆದು ಹೋಯ್ತಾ?
ಇಲ್ಲ ಮಗಾ, ವಿಂಚಿನ ಹಗ್ಗಕ್ಕೆ ಹೋದದ್ದು, ಒಂದೇ ಚಣ.
ಅದಾಗಿ ಎರಡು ವರ್ಷಕ್ಕೆ ಮಗಳು ಹುಟ್ಟಿದಳು.
ಸೂಲಗಿತ್ತಿಯ ಕೈಯಿಂದ ಇಸಿದುಕೊಂಡು
ಮೊದಲು ಎಣಿಸಿದ್ದು ಅದನ್ನೇ.
ಹತ್ತು.
ನನ್ನ ಕಳೆದದ್ದು ಅವಳಿಗೆ ದಾಟಲಿಲ್ಲ.
ಮತ್ತೆ ಇದರ ಕಾಲು ಹೇಗೆ ದಾಟಿಹೋಯ್ತು?
ಮೇಡಂ ನನ್ನತ್ತ ನೋಡಿದರು, ಹೇಳಿ ಅನ್ನುವಂತೆ.
ಒಬ್ಬರ ಮೈಯಲ್ಲಿ ಅಲ್ಲ, ಅಂದೆ.
ಹುಟ್ಟುವಾಗಲೇ ಕೂದಲೆಳೆಯಷ್ಟು ಗಿಡ್ಡ ಕಾಲಿನದು,
ನೀರಲ್ಲಿ ಹೆಚ್ಚು ಬದುಕಿ, ಹೆಚ್ಚು ಹೆತ್ತು,
ಅದರ ಮಕ್ಕಳಲ್ಲಿ ಇನ್ನೊಂದೆಳೆ,
ನಿನ್ನ ಅಜ್ಜನ ಅಜ್ಜನ ಅಜ್ಜ ಅನ್ನುತ್ತ
ಇಲ್ಲಿಂದ ಗೋವೆಯವರೆಗೆ ಸಾಲು ನಿಲ್ಲಿಸಿದರೂ
ಮುಗಿಯದಷ್ಟು ತಲೆಮಾರು.
ಪೋರನ ಕಣ್ಣು ಕಿಟಕಿಯಾಚೆ ಹೋಯಿತು,
ಸಾಲು ಕಂಡಿರಬೇಕು.

ಹೆಂಡತಿಯ ಅಣ್ಣ ಕೃಷ್ಣಾನಂದ ಬಂದವನು
ಮೂರನೆಯ ಬೆರಳ ತುದಿಗೆ ಬೊಟ್ಟು ಮಾಡಿದ.
ಇಲ್ಲೊಂದು ಎಲುಬೇ ಇಲ್ಲವಲ್ಲೋ! ನಿನ್ನ ಕತೆಯಲ್ಲಿ ತೂತು.
ಹೌದು, ಸಿಗಲಿಲ್ಲ. ಮಾಜಾಳಿಗೆ ಮೂರು ಸಲ ಹೋಗಿ ಜರಡಿ ಹಿಡಿದೆ,
ಏಡಿ ಒಯ್ದಿತೋ, ನಾಯಿಯೋ.
ಥರ್ಮಾಕೋಲ್ ಕೆತ್ತಿ ಇಡಲೇ, ಅಂತ ಕೇಳಿದ್ದೆ,
ಮೇಡಂ ಬೇಡವೆಂದು
ಕಾರ್ಡಿನ ಚಿತ್ರದಲ್ಲಿ ಪೆನ್ಸಿಲಿನಿಂದ ಒಂದು ಸುತ್ತು ಬರೆದರು:
ದೊರೆತಿಲ್ಲ.

ಈಗ ಡ್ರಮ್ಮು ತೊಳೆಯುತ್ತಿದ್ದೇನೆ.
ರಬ್ಬರ್ ಗ್ಲೋವಿಗೆ ನನ್ನ ವಿಷಯ ಗೊತ್ತಿಲ್ಲ,
ಐದೂ ಬೆರಳು ಹೊಲಿದುಕೊಂಡೇ ಬಂದಿದೆ.
ಖಾಲಿ ಎರಡರೊಳಗೆ ನೀರು ನುಗ್ಗಿ
ಅವು ಮೆಲ್ಲಗೆ
ಮೇಲೆ, ಕೆಳಗೆ ಆಡುತ್ತವೆ.